ಜಂತುಹುಳದ ಗುಳಿಗೆ, ಅಜ್ಜನ ಬರಿಗಾಲು

ಪತ್ರ: "ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಶಾಲೆ ಮಕ್ಕಳಿಗೆ ವರ್ಷಕ್ಕೆರಡು ಸಲ ಜಂತುಹುಳದ ಗುಳಿಗೆ ಕೊಡಲೇಬೇಕು ಎಂದು ಬರೆದಿದ್ದೀರಿ. ನಮ್ಮ ಅಜ್ಜ ಚಪ್ಪಲಿ ಮೆಟ್ಟಿದವರಲ್ಲ, ಗುಳಿಗೆ ನುಂಗಿದವರಲ್ಲ, ಎಂಬತ್ತು ದಾಟಿ ಬದುಕಿದರು. ಅವರಿಗೆ ಅಲರ್ಜಿ, ದಮ್ಮು ಏನೂ ಇರಲಿಲ್ಲ. ಏಳು ವರ್ಷದ ನನ್ನ ಮೊಮ್ಮಗನಿಗೆ ಬೂಟು, ಫಿಲ್ಟರ್ ನೀರು, ಗುಳಿಗೆ ಎಲ್ಲವೂ ಇದೆ. ಆದರೂ ಎರಡು ತಿಂಗಳಿಂದ ಕೆಮ್ಮು, ಮೈ ತುರಿಕೆ. ರಕ್ತ ಪರೀಕ್ಷೆಯಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ 14% ಬಂತು, ಅಲರ್ಜಿ ಎಂದು ಮಾತ್ರೆ ಕೊಟ್ಟರು. ಹೊಟ್ಟೆಯಲ್ಲಿ ಹುಳ ಇದ್ದರೆ ಅಲರ್ಜಿ ಬರುವುದಿಲ್ಲ ಎಂದು ವಿದೇಶಿ ವಿಜ್ಞಾನಿಗಳೇ ಹೇಳುತ್ತಾರಂತೆ. ಹಾಗಿದ್ದ ಮೇಲೆ ಹುಳ ಕೊಂದು ಮಕ್ಕಳ ರೋಗನಿರೋಧಕ ಶಕ್ತಿ ಯಾಕೆ ಕಳೆಯಬೇಕು? ನಮ್ಮ ನಲವತ್ತು ಕುರಿಗಳಲ್ಲಿ ದೊಡ್ಡವು ತಾವೇ ಹುಳ ತಡೆದುಕೊಳ್ಳುತ್ತವೆ."
– ಕುರಿ ಸಾಕುವ ಓದುಗರು, ಚಳ್ಳಕೆರೆ ತಾಲ್ಲೂಕು

ಉತ್ತರ:

ನಿಮ್ಮ ಪತ್ರದ ಕೊನೆಯ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ. ದೊಡ್ಡ ಕುರಿಗಳು ತಾವೇ ಹುಳ ತಡೆದುಕೊಳ್ಳುತ್ತವೆ ಎಂದಿರಿ. ಕುರಿ ಹಿಂದೆ ಅಲೆದವರ ಕಣ್ಣಿಗಷ್ಟೇ ಬೀಳುವ ಸಂಗತಿ ಇದು. ಅಮೆರಿಕದ ಹುಳಶಾಸ್ತ್ರಜ್ಞ ನಾರ್ಮನ್ ಸ್ಟೋಲ್ ಇದನ್ನು 1929ರಲ್ಲಿ ಬರೆದಿಟ್ಟರು. ಹುಲ್ಲುಗಾವಲಿಗೆ ಬಿಟ್ಟ ಕುರಿಮರಿಗಳ ಹಿಕ್ಕೆಯಲ್ಲಿ ಹುಳದ ಮೊಟ್ಟೆ ಎಣಿಸುತ್ತಾ ಹೋದರೆ, ಏರುತ್ತಿದ್ದ ಎಣಿಕೆ ಯಾವ ಮದ್ದೂ ಹಾಕದೆ ಒಮ್ಮೆಲೇ ಕುಸಿಯಿತು. ಆಮೇಲೆ ಹೊಸ ಹುಳ ಅಷ್ಟು ಸುಲಭವಾಗಿ ನೆಲೆಯೂರಲಿಲ್ಲ. ಕುರಿ ತನ್ನನ್ನು ತಾನೇ ಗುಣ ಮಾಡಿಕೊಂಡಿತು ಎಂದು ಅವರು ಅದನ್ನು ಕರೆದರು. ಆ ಹುಳದ ಹೆಸರು ಹೀಮಾಂಕಸ್. ಕೆಂಪು ಬಿಳಿ ನೂಲು ಹೊಸೆದ ಹಾಗೆ ಕಾಣುತ್ತದೆ, ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕಚ್ಚಿ ಕೂರುತ್ತದೆ. ಒಂದು ಹುಳ ದಿನಕ್ಕೆ ಕಳೆಯುವ ರಕ್ತ 0.05 ಮಿ.ಲೀ. ಎರಡು ಸಾವಿರ ಹುಳ ಇದ್ದರೆ ದಿನಕ್ಕೆ 100 ಮಿ.ಲೀ.

ಆದರೆ ಉಳಿದರ್ಧ ಸತ್ಯವೂ ನಿಮ್ಮ ರೊಪ್ಪದಲ್ಲೇ ಇದೆ, ಅದನ್ನು ನೀವು ಬರೆಯಲಿಲ್ಲ. ಮರಿಗಳ ಕಥೆ ಏನು? ಹುಟ್ಟಿದ ಮೊದಲ ತಿಂಗಳುಗಳಲ್ಲಿ ಅವಕ್ಕೆ ಈ ತಡೆ ಇರುವುದಿಲ್ಲ. ದವಡೆ ಕೆಳಗೆ ನೀರು ತುಂಬಿ ಜೋತುಬಿದ್ದು, ಕಣ್ಣಿನ ಒಳರೆಪ್ಪೆ ಸುಣ್ಣದ ಹಾಗೆ ಬಿಳಿಚಿ ಸಾಯುವವು ಹೆಚ್ಚಾಗಿ ಅವೇ. ಈಯುವ ಕುರಿಯನ್ನೂ ನೋಡಿ. ಈಯುವುದಕ್ಕೆ ಎರಡು ವಾರ ಮುಂಚಿನಿಂದ ಈದ ಮೇಲೆ ಆರೆಂಟು ವಾರದವರೆಗೆ, ನಿನ್ನೆಯವರೆಗೆ ಹುಳ ತಡೆದುಕೊಂಡಿದ್ದ ಅದೇ ಕುರಿಯ ಹಿಕ್ಕೆಯಲ್ಲಿ ಮೊಟ್ಟೆ ಏರತೊಡಗುತ್ತದೆ. ಮೈಯಲ್ಲಿದ್ದ ಪ್ರೋಟೀನು ಮರಿಗೆ, ಹಾಲಿಗೆ ಹೋಗುತ್ತದೆ. ಹುಳ ತಡೆಯುವ ಕೆಲಸಕ್ಕೆ ಕೊರತೆ ಬೀಳುತ್ತದೆ. ಮರಿ ಹುಲ್ಲಿಗೆ ಬಾಯಿ ಹಾಕುವ ಹೊತ್ತಿಗೆ ತಾಯಿಯೇ ಆ ಹುಲ್ಲಿಗೆ ಹುಳ ಬಿತ್ತಿರುತ್ತದೆ. ದೊಡ್ಡ ಕುರಿಯ ತಡೆ ಪುಕ್ಕಟೆ ಬಂದದ್ದಲ್ಲ, ಶಾಶ್ವತವೂ ಅಲ್ಲ, ಮರಿಯನ್ನು ಕಾಯುವುದೂ ಇಲ್ಲ.

ಇಲ್ಲಿಗೆ ನನ್ನ ಹಳೆಯ ತಕರಾರು ಬಂತು. ಇಮ್ಯೂನಿಟಿಯನ್ನು 'ರೋಗನಿರೋಧಕ ಶಕ್ತಿ' ಎಂದು ಕರೆದು ನಾವು ದೊಡ್ಡ ತಪ್ಪು ಮಾಡಿಕೊಂಡಿದ್ದೇವೆ. ಶಕ್ತಿ ಎಂದ ಕೂಡಲೇ ಹಗೇವಿನ ಜೋಳದ ಹಾಗೆ ಅಳೆದು ತುಂಬಿಸುವ ಪದಾರ್ಥ ಅನಿಸಿಬಿಡುತ್ತದೆ: ಒಬ್ಬನಿಗೆ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ, ಕಷಾಯ ಕುಡಿದರೆ ಏರಿತು, ಗುಳಿಗೆ ತಿಂದರೆ ಇಳಿಯಿತು. ದೇಹದಲ್ಲಿ ಅಂಥ ಒಂದು ಹಗೇವಿಲ್ಲ. ಅಲ್ಲಿರುವುದು ಬೇರೆ ಬೇರೆ ಕಸುಬುಗಳು. ಬ್ಯಾಕ್ಟೀರಿಯಾ ಬಂದರೆ ನುಂಗುವ ಕಸುಬು, ವೈರಸ್ ಹೊಕ್ಕ ಕೋಶವನ್ನು ಕೊಲ್ಲುವ ಕಸುಬು. ಹುಳಕ್ಕೆ ಇವೆರಡೂ ನಡೆಯುವುದಿಲ್ಲ.

ಯಾಕೆಂದು ಲೆಕ್ಕ ಹಾಕಿ. ಬಿಳಿ ರಕ್ತಕಣಗಳು ಹೊರಗಿನ ವಸ್ತುವನ್ನು ನುಂಗುತ್ತವೆ ಎಂದು ರಷ್ಯಾದ ಜೀವವಿಜ್ಞಾನಿ ಮೆಚ್ನಿಕಾಫ್ ಅವರಿಗೆ ಹೊಳೆದದ್ದು 1882ರಲ್ಲಿ, ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ನೋಡಿದಾಗ. ಅಂಥ ಒಂದು ಕಣದ ಅಗಲ ಹದಿನೈದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಎಂದಿಟ್ಟುಕೊಳ್ಳಿ. ದೊಡ್ಡ ಜಂತುಹುಳದ (ಕರುಳಿನ ದುಂಡುಹುಳ, ಮುಂದೆ ಜಂತುಹುಳ ಎಂದು ಒಂದು ಜಾತಿಯನ್ನು ಹೆಸರಿಸಿದಲ್ಲಿ ಇದೇ) ಉದ್ದ ಮೂವತ್ತು ಸೆಂಟಿಮೀಟರ್. ಕಣಕ್ಕಿಂತ ಇಪ್ಪತ್ತು ಸಾವಿರ ಪಟ್ಟು ಉದ್ದದ ಪ್ರಾಣಿಯನ್ನು ಅದು ನುಂಗುವುದು ಹೇಗೆ? ಸುತ್ತುಗಟ್ಟಿ ವಿಷ ಸುರಿದು ಕೊಲ್ಲಲು ಹೊರಟರೆ ಕರುಳೇ ಹರಿದುಹೋಗುತ್ತದೆ. ಹಾಗಾಗಿ ದೇಹ ಮೂರನೇ ಕಸುಬು ಕಲಿತಿದೆ: ತೊಳೆದು ನೂಕುವುದು, ಆಗದಿದ್ದರೆ ಸಹಿಸಿಕೊಂಡು ಗಾಯಕ್ಕೆ ತೇಪೆ ಹಾಕುತ್ತಿರುವುದು.

ಈ ಕಸುಬಿನ ಮೊದಲ ಕಾವಲುಗಾರ ಯಾರು ಎಂಬುದು ಬಹುಕಾಲ ಗೊತ್ತಿರಲಿಲ್ಲ. ಕರುಳಿನ ಒಳಗೋಡೆಯಲ್ಲಿ ತಲೆಗೆ ಜುಟ್ಟು ಕಟ್ಟಿದಂತಿರುವ ಕೆಲವೇ ಕೋಶಗಳಿವೆ, ಟಫ್ಟ್ ಕೋಶ ಎಂದು ಹೆಸರು. ಇವುಗಳ ಕೆಲಸ ಬಯಲಾದದ್ದು 2016ರಲ್ಲಿ, ಇಲಿಗಳ ಮೇಲೆ ಮೂರು ತಂಡಗಳು ಬೇರೆ ಬೇರೆಯಾಗಿ ನಡೆಸಿದ ಪ್ರಯೋಗಗಳಿಂದ. ಹುಳ ಬಂದ ಸುಳಿವು ಸಿಕ್ಕೊಡನೆ ಟಫ್ಟ್ ಕೋಶ ಇಂಟರ್‌ಲ್ಯೂಕಿನ್-25 ಎಂಬ ಸಂದೇಶ ಬಿಡುತ್ತದೆ. ಅದನ್ನು ಕೇಳಿಸಿಕೊಂಡ ಒಂದು ಜಾತಿಯ ಲಿಂಫ್ ಕೋಶ ಇಂಟರ್‌ಲ್ಯೂಕಿನ್-13 ಸುರಿಸುತ್ತದೆ. ಆಗ ಕರುಳಿನ ಗೋಡೆಯೇ ರೂಪ ಬದಲಿಸತೊಡಗುತ್ತದೆ: ಲೋಳೆ ಸುರಿಸುವ ಕೋಶಗಳು ಹೆಚ್ಚುತ್ತವೆ, ಟಫ್ಟ್ ಕೋಶಗಳೂ ಹೆಚ್ಚುತ್ತವೆ, ನೀರು ಜಿನುಗುತ್ತದೆ, ಕರುಳಿನ ಸ್ನಾಯು ಬಿಗಿಯಾಗಿ ಹಿಂಡುತ್ತದೆ, ಹಳೆಯ ಕೋಶಗಳು ಬೇಗ ಬೇಗ ಉದುರಿ ಹೊಸವು ಬರುತ್ತವೆ. ಹುಳ ಕಚ್ಚಿ ಹಿಡಿದ ನೆಲವೇ ಅದರ ಬಾಯಿಂದ ಜಾರುತ್ತದೆ. ಇಲಿಯಲ್ಲಿ ಕೆಲವು ಹುಳಗಳು ಹತ್ತು ದಿನದೊಳಗೆ ಹೀಗೆ ಹೊರಬೀಳುತ್ತವೆ. ಮನುಷ್ಯರಲ್ಲಿ ಅಷ್ಟು ಚುರುಕಾಗಿ ನಡೆಯುವುದಿಲ್ಲ. ಜಂತುಹುಳ ಒಂದೆರಡು ವರ್ಷ, ಕರುಳಿಗೆ ಕಚ್ಚಿ ರಕ್ತ ಹೀರುವ ಕೊಕ್ಕೆಹುಳು ಅದಕ್ಕಿಂತ ಹೆಚ್ಚು ಕಾಲ ಆರಾಮಾಗಿ ಉಳಿಯಬಲ್ಲವು.

ಇದೇ ಸಾಲಿನ ಇನ್ನೊಂದು ಸಂದೇಶ ಇಂಟರ್‌ಲ್ಯೂಕಿನ್-5. ಅದು ಮೂಳೆಮಜ್ಜೆಗೆ ಹೋಗಿ ಇಯೋಸಿನೋಫಿಲ್‌ಗಳನ್ನು ಹೆಚ್ಚು ಹೆಚ್ಚಾಗಿ ತಯಾರಿಸಿ ಕಳಿಸುವಂತೆ ಮಾಡುತ್ತದೆ. ನಿಮ್ಮ ಮೊಮ್ಮಗನ ವರದಿಯಲ್ಲಿ 14% ಎಂದು ಬಂದವು ಇವೇ. ರಕ್ತದಲ್ಲಿ ತಿರುಗುವ ಎಳೆಯ ಹುಳದ ಮರಿಗೆ ಇವು ಮುತ್ತಿಕೊಂಡು, ತಮ್ಮ ಕಾಳುಗಳಲ್ಲಿ ತುಂಬಿಕೊಂಡ ಕ್ಷಾರಗುಣದ ಪ್ರೋಟೀನನ್ನು ಅದರ ಮೈಮೇಲೆ ಸುರಿಯುತ್ತವೆ. ಗುರಿ ತೋರಿಸಲು ಪ್ರತಿಕಾಯ (ಆಂಟಿಬಾಡಿ) ಎಂಬ ಪ್ರೋಟೀನುಗಳಿವೆ. ಅವುಗಳ ಪೈಕಿ ಐಜಿಇ ಎಂಬುದನ್ನು 1966ರಲ್ಲಿ ಗುರುತಿಸಿದವರು ಜಪಾನಿನ ವಿಜ್ಞಾನಿಗಳಾದ ಇಶಿಝಾಕಾ ದಂಪತಿ, ಅದೂ ಹೂವಿನ ಪರಾಗದ ಅಲರ್ಜಿ ಇದ್ದವರ ರಕ್ತದಲ್ಲಿ. ಹುಳದ ವಿರುದ್ಧ ಎತ್ತುವ ಆಯುಧ, ಧೂಳಿಗೆ ಸೀನುವಾಗ ಬರುವ ಆಯುಧ, ಎರಡೂ ಒಂದೇ. ವಿದೇಶಿ ವಿಜ್ಞಾನಿಗಳು ಹೇಳಿದರೆಂದು ನೀವು ಕೇಳಿದ್ದರ ಬೇರು ಇಲ್ಲಿದೆ.

ಆ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. 1989ರಲ್ಲಿ ಸಂಶೋಧಕ ಡೇವಿಡ್ ಸ್ಟ್ರಾಚನ್ ಅವರು ಬ್ರಿಟನ್ನಿನ ಹದಿನೇಳು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ನೋಡಿ, ಮನೆಯಲ್ಲಿ ಅಣ್ಣ ಅಕ್ಕಂದಿರು ಹೆಚ್ಚಿದ್ದಷ್ಟೂ ಮಕ್ಕಳಿಗೆ ಅಲರ್ಜಿ ನೆಗಡಿ ಕಡಿಮೆ ಎಂದರು. ಬಾಲ್ಯದ ಸೋಂಕುಗಳು ದೇಹವನ್ನು ಪಳಗಿಸುತ್ತವೆ ಎಂಬ ವಾದ ಅಲ್ಲಿಂದ ಬೆಳೆಯಿತು. ಬಹುಕಾಲ ಒಳಗಿರುವ ಹುಳ ತಾನು ಉಳಿಯುವುದಕ್ಕಾಗಿ ದೇಹದ ಸಿಟ್ಟನ್ನು ತಣಿಸುತ್ತದೆ ಎಂಬುದೂ ಖಚಿತವಾಗಿದೆ. ಇಲಿಯ ಕರುಳಿನ ಒಂದು ಹುಳವಂತೂ ನಮ್ಮದೇ ದೇಹದ ಶಾಂತಿಸಂದೇಶದ ನಕಲಿ ತಯಾರಿಸಿ ಬಿಡುತ್ತದೆ. ಗ್ಯಾಬನ್ ದೇಶದಲ್ಲಿ ಶಾಲೆ ಮಕ್ಕಳಿಗೆ ಬಹುಕಾಲ ಹುಳದ ಮದ್ದು ಕೊಟ್ಟಾಗ ಧೂಳಿನ ನುಸಿಗೆ ಅವರ ಚರ್ಮ ಹೆಚ್ಚು ಪ್ರತಿಕ್ರಿಯೆ ತೋರಿತು. ಇಷ್ಟನ್ನು ಒಪ್ಪುತ್ತೇನೆ.

ಒಪ್ಪಿದ ಮೇಲೆ ಉಳಿದದ್ದನ್ನೂ ಓದಬೇಕಲ್ಲವೇ? ಈಕ್ವೆಡಾರ್‌ನಲ್ಲಿ ಶಾಲೆಗಳನ್ನೇ ಎರಡು ಗುಂಪು ಮಾಡಿ, ಒಂದಕ್ಕೆ ಆಲ್ಬೆಂಡಜೋಲ್ ಎಂಬ ಹುಳದ ಗುಳಿಗೆ ಕೊಟ್ಟು, ಇನ್ನೊಂದಕ್ಕೆ ಕೊಡದೆ ನೋಡಿದರು; 2006ರ ಆ ಫಲಿತಾಂಶದಲ್ಲಿ ಗುಳಿಗೆ ತಿಂದವರಿಗೆ ಅಲರ್ಜಿ ಹೆಚ್ಚಾಗಲಿಲ್ಲ. ಅದೇ ವರ್ಷ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಕೊಕ್ಕೆಹುಳು ಇದ್ದವರಲ್ಲಿ ದಮ್ಮಿನ ಸಂಭವ ಅರ್ಧದಷ್ಟಿತ್ತು. ಜಂತುಹುಳ ಇದ್ದವರಲ್ಲಿ ಮಾತ್ರ 1.3 ಪಟ್ಟು ಹೆಚ್ಚೇ ಇತ್ತು. ಎಲ್ಲ ಹುಳವೂ ಒಂದೇ ಅಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ಹಂದಿಯ ಚಾಟಿಹುಳುವಿನ ಮೊಟ್ಟೆಯನ್ನೇ ಔಷಧಿಯಾಗಿ ಕುಡಿಸಿದ ಪ್ರಯೋಗಗಳೂ ನಡೆದವು. 2005ರಲ್ಲಿ ಕರುಳಿನ ಉರಿಯೂತದ 29 ರೋಗಿಗಳಲ್ಲಿ ಆಸೆ ಹುಟ್ಟಿಸಿದ ಮದ್ದು, ಮುಂದೆ ನೂರಾರು ಜನರ ಮೇಲೆ ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗ ಸೋತಿತು. ಅಲರ್ಜಿ ನೆಗಡಿಗೆ ಕೊಟ್ಟದ್ದೂ ಕೆಲಸ ಮಾಡಲಿಲ್ಲ.

ಹುಳ ದೇಹವನ್ನು ತಣಿಸುವುದು ಅಲರ್ಜಿಗಷ್ಟೇ ಅಲ್ಲ ಎಂಬುದನ್ನೂ ಗಮನಿಸಿ. 2000ರಲ್ಲಿ, ಈಕ್ವೆಡಾರ್‌ನಲ್ಲೇ, ಜಂತುಹುಳ ಇದ್ದ ಮಕ್ಕಳಿಗೆ ಬಾಯಿಯ ಮೂಲಕ ಕಾಲರಾ ಲಸಿಕೆ ಹಾಕಿದಾಗ, ಮೊದಲೇ ಹುಳದ ಗುಳಿಗೆ ತಿಂದಿದ್ದವರಲ್ಲಿ ಲಸಿಕೆ ಚೆನ್ನಾಗಿ ಹತ್ತಿತು. ಸೀನು ನಿಲ್ಲಿಸಿದ ಹುಳ ಲಸಿಕೆಯನ್ನೂ ಮಂಕಾಗಿಸಬಲ್ಲದು.

ಈಗ ನಿಮ್ಮ ಅಜ್ಜನ ಬರಿಗಾಲು. ಕೊಕ್ಕೆಹುಳು ಕಾಲಿನ ಚರ್ಮದಿಂದಲೇ ಒಳಹೋಗುತ್ತದೆ ಎಂಬುದು ತಿಳಿದದ್ದು 1898ರಲ್ಲಿ. ಕೈರೋದಲ್ಲಿ ವಿಜ್ಞಾನಿ ಆರ್ಥರ್ ಲೂಸ್ ಅವರ ಕೈಮೇಲೆ ಹುಳದ ಮರಿಗಳಿದ್ದ ನೀರು ಚೆಲ್ಲಿತು, ತುರಿಕೆ ಎದ್ದಿತು, ಕೆಲವು ವಾರಗಳ ನಂತರ ಅವರದೇ ಮಲದಲ್ಲಿ ಮೊಟ್ಟೆ ಕಂಡಿತು. ಬಯಲಲ್ಲಿ ಬಿದ್ದ ಮಲದಿಂದ ಒಂದೆರಡು ದಿನಕ್ಕೆ ಮರಿ ಹೊರಬರುತ್ತದೆ, ಐದರಿಂದ ಹತ್ತು ದಿನಕ್ಕೆ ಚರ್ಮ ಕೊರೆಯಲು ತಯಾರಾಗುತ್ತದೆ. ಅದಕ್ಕೆ ಬೇಕಾದದ್ದು ತೇವ, ನೆರಳು, ಬೆಚ್ಚನೆಯ ಸಡಿಲ ಮಣ್ಣು. ಬಿಸಿಲಿಗೆ ಒಣಗಿದರೆ ಸಾಯುತ್ತದೆ. ಚಳ್ಳಕೆರೆಯ ಕಾದ ಬಯಲು ನಿಮ್ಮ ಅಜ್ಜನನ್ನು ಕಾದಿರಬಹುದು. ಅದೇ ಬರಿಗಾಲು ಚನ್ನಗಿರಿ ಕಡೆಯ ಅಡಿಕೆ ತೋಟದ ಒದ್ದೆ ನೆರಳಲ್ಲಿ ಓಡಾಡಿದ್ದರೆ ಲೆಕ್ಕವೇ ಬೇರೆ. ಮಣ್ಣಿನ ಪುಣ್ಯವನ್ನು ಮೈಯ ಶಕ್ತಿಗೆ ಬರೆಯಬೇಡಿ. ಎಂಬತ್ತು ದಾಟಿದ ಅಜ್ಜ ನೆನಪಲ್ಲಿ ಉಳಿಯುತ್ತಾರೆ. ಅವರ ಜೊತೆ ಹುಟ್ಟಿ, ರಕ್ತವಿಲ್ಲದೆ ಬೆಳ್ಳಗಾಗಿ, ಹೆರಿಗೆಯಲ್ಲೇ ಹೋದ ಹೆಣ್ಣುಮಕ್ಕಳನ್ನು ಯಾವ ಮೊಮ್ಮಗನೂ ಪತ್ರದಲ್ಲಿ ಬರೆಯುವುದಿಲ್ಲ.

ರಕ್ತದ ಲೆಕ್ಕ ಸುಲಭ. ಕೊಕ್ಕೆಹುಳುವಿನಲ್ಲಿ ಎರಡು ಜಾತಿ. ಸಣ್ಣದು ದಿನಕ್ಕೆ 0.03 ಮಿ.ಲೀ. ರಕ್ತ ಕಳೆಯುತ್ತದೆ, ದೊಡ್ಡದು 0.15 ಮಿ.ಲೀ. ಮತ್ತು ಅದಕ್ಕಿಂತ ಹೆಚ್ಚು. ಸಣ್ಣ ಜಾತಿಯ ನೂರು ಹುಳ ಇದ್ದರೂ ದಿನಕ್ಕೆ 3 ಮಿ.ಲೀ. ಹೋಯಿತು, ಅದರ ಜೊತೆ ಒಂದು ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ. ಆರೋಗ್ಯವಂತ ಗಂಡಸು ಇಡೀ ದಿನದ ಊಟದಿಂದ ಹೀರಿಕೊಳ್ಳುವುದೇ ಸುಮಾರು ಒಂದು ಮಿಲಿಗ್ರಾಂ. ಕಬ್ಬಿಣ ಕಡಿಮೆಯಾದ ಮಗು ಮಣ್ಣು ತಿನ್ನುತ್ತದೆ, ಮಣ್ಣಿನಲ್ಲಿ ಜಂತುಹುಳದ ಮೊಟ್ಟೆ ಇರುತ್ತದೆ. ಒಂದು ಹೆಣ್ಣು ಜಂತುಹುಳ ದಿನಕ್ಕೆ ಇಡುವ ಮೊಟ್ಟೆ ಎರಡು ಲಕ್ಷ. ಒಳ್ಳೆಯ ಮಣ್ಣು ಸಿಕ್ಕರೆ ಅವು ವರ್ಷಗಟ್ಟಲೆ ಬದುಕುತ್ತವೆ. ಬೆಲ್ಲ ತಿಂದರೆ ಹುಳ ಆಗುತ್ತದೆ ಎಂದು ಮಕ್ಕಳ ಕೈಯಿಂದ ಬೆಲ್ಲ ಕಸಿದುಕೊಳ್ಳುವ ಮನೆಗಳು ಇನ್ನೂ ಇವೆ. ಹುಳ ಬರುವುದು ತೊಳೆಯದ ಕೈಯಿಂದ, ತೊಳೆಯದ ಕೊತ್ತಂಬರಿ ಸೊಪ್ಪಿನಿಂದ. ಬೆಲ್ಲದ ಮೇಲೆ ಸುಮ್ಮನೆ ಅಪವಾದ.

ದೇಹ ತಾನೇ ಹುಳವನ್ನು ಗೆಲ್ಲುತ್ತದೆ ಎನ್ನುವವರಿಗೆ ನಾರುಹುಣ್ಣನ್ನು (ಗಿನಿ ಹುಳದ ರೋಗ) ನೆನಪಿಸುತ್ತೇನೆ. ಕರ್ನಾಟಕವೂ ಅದರಿಂದ ನರಳಿದ ರಾಜ್ಯ. ಚಿತ್ರದುರ್ಗದ ಸಂತೆಹೊಂಡ, ಸಿಹಿನೀರು ಹೊಂಡ ನೋಡಿದವರಿಗೆ ಮೆಟ್ಟಿಲಿಳಿದು ನೀರು ಮುಟ್ಟುವ ಕಟ್ಟಡ ಗೊತ್ತು. ಅಂಥ ಮೆಟ್ಟಿಲುಬಾವಿಗಳಲ್ಲಿ ಹುಣ್ಣಿನ ಕಾಲು ನೀರಿಗಿಳಿದರೆ ಹುಳ ಮರಿಗಳನ್ನು ಬಿಡುತ್ತಿತ್ತು, ನೀರಿನ ಸಣ್ಣ ಜೀವಿ ಅವನ್ನು ನುಂಗುತ್ತಿತ್ತು, ಆ ನೀರು ಕುಡಿದವನ ಕಾಲಿನಿಂದ ಸುಮಾರು ಒಂದು ವರ್ಷಕ್ಕೆ ಗಜದುದ್ದದ ಹುಳ ಹೊರಬರುತ್ತಿತ್ತು. ಒಮ್ಮೆ ಬಂದವನಿಗೆ ಮರುವರ್ಷವೂ ಬರುತ್ತಿತ್ತು. ಮೈಯಲ್ಲಿ ಯಾವ ತಡೆಯೂ ಹುಟ್ಟಲಿಲ್ಲ. ಲಸಿಕೆ ಇರಲಿಲ್ಲ, ಮದ್ದೂ ಇರಲಿಲ್ಲ. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ ರಾಜಸ್ಥಾನದಲ್ಲಿ. 2000ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ಮುಕ್ತ ಎಂದು ಘೋಷಿಸಿತು. ಗೆದ್ದದ್ದು ಮಡಚಿದ ಬಟ್ಟೆಯಲ್ಲಿ ನೀರು ಸೋಸಿದ್ದು, ಮೆಟ್ಟಿಲುಬಾವಿ ಮುಚ್ಚಿ ಕೈಪಂಪು ಹಾಕಿದ್ದು, ಹುಣ್ಣಿದ್ದವರನ್ನು ನೀರಿಗಿಳಿಯದಂತೆ ತಡೆದದ್ದು.

ಇಷ್ಟೆಲ್ಲ ನಮ್ಮ ಕಣ್ಣೆದುರೇ ನಡೆದಿದ್ದರೂ ಇಂದು ಎಲ್ಲಿ ನೋಡಿದರೂ 'ಇಮ್ಯೂನಿಟಿ ಹೆಚ್ಚಿಸುವ' ಡಬ್ಬಗಳು. ಮೆಡಿಕಲ್ ಶಾಪಿನಲ್ಲಿ, ಟೀವಿಯಲ್ಲಿ, ಮದುವೆ ಮನೆಯ ಉಡುಗೊರೆಯಲ್ಲಿ ಕೂಡ. ಯಾವ ಕಸುಬನ್ನು ಹೆಚ್ಚಿಸುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಹುಳದ ವಿರುದ್ಧದ ಕಸುಬನ್ನು ಬೇಕಾಬಿಟ್ಟಿ ಹೆಚ್ಚಿಸಿದರೆ ಕೈಗೆ ಸಿಗುವುದು ದಮ್ಮು ಮತ್ತು ಪಿತ್ತದ ಗಂಧೆ. ಡಬ್ಬಕ್ಕೆ ತಿಂಗಳಿಗೆ ಸಾವಿರ ರೂಪಾಯಿ ಕೊಡುವ ಮನೆಯವರೇ, ಮಗುವಿನ ಶಾಲೆಯ ಶೌಚಾಲಯದಲ್ಲಿ ನೀರಿಲ್ಲ, ಸೋಪಿಲ್ಲ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಬಾಯಿ ಬಿಡುವುದಿಲ್ಲ. ಗುಳಿಗೆ ಹುಳವನ್ನು ಉದುರಿಸುತ್ತದೆ ಅಷ್ಟೇ. ಮಣ್ಣಿನಲ್ಲಿ ಮೊಟ್ಟೆ ಹಾಗೇ ಇದ್ದರೆ ಕೆಲವು ತಿಂಗಳಿಗೆ ಹುಳ ಮರಳುತ್ತದೆ. ಆಗ 'ಗುಳಿಗೆ ಕೆಲಸ ಮಾಡಲಿಲ್ಲ' ಎಂದು ಗುಳಿಗೆಯನ್ನೇ ಬೈಯುತ್ತೇವೆ. ಎರಡು ಗುಂಡಿಯ ಶೌಚಾಲಯ ಕಟ್ಟಿಸಿಕೊಂಡವರೂ ತುಂಬಿದ ಗುಂಡಿಯನ್ನು ಆತುರದಿಂದ ತೆಗೆದು ಹೊಲಕ್ಕೆ ಹಾಕಬಾರದು. ಎರಡು ವರ್ಷ ಮುಚ್ಚಿಟ್ಟರೆ ಕ್ಷೇಮ.

ಇನ್ನೊಂದು ನೋವು ರಕ್ತದ ವರದಿಗಳದ್ದು. ಇಯೋಸಿನೋಫಿಲ್ ಹೆಚ್ಚೆಂದರೆ ಅಲರ್ಜಿ, ಅಲರ್ಜಿ ಎಂದರೆ ತಿಂಗಳುಗಟ್ಟಲೆ ಸೆಟಿರಿಜಿನ್ ಎಂಬ ಅಲರ್ಜಿ ಮಾತ್ರೆ. ಮಲ ಪರೀಕ್ಷೆಯ ಮಾತೇ ಇಲ್ಲ. ದಕ್ಷಿಣ ಭಾರತದಲ್ಲಿ ಇದು ಇನ್ನೂ ದೊಡ್ಡ ಲೋಪ. ರಾತ್ರಿ ಹೊತ್ತು ಕೆಮ್ಮು, ದಮ್ಮು, ಒಂದು ಮೈಕ್ರೋಲೀಟರ್ ರಕ್ತದಲ್ಲಿ 3000ಕ್ಕೂ ಹೆಚ್ಚು ಇಯೋಸಿನೋಫಿಲ್ ಇರುವ ಕಾಯಿಲೆಯನ್ನು 1940ರಲ್ಲೇ ಮದನಪಲ್ಲಿಯ ಕ್ಷಯ ಆಸ್ಪತ್ರೆಯ ವೈದ್ಯರು ವರ್ಣಿಸಿದ್ದರು. ಆನೆಕಾಲು ರೋಗ ತರುವ ಫೈಲೇರಿಯಾ ಹುಳದ ಮರಿಗಳಿಗೆ ದೇಹ ತೋರುವ ಅತಿಯಾದ ಸಿಟ್ಟು ಅದು ಎಂದು ಆಮೇಲೆ ತಿಳಿಯಿತು. ಅದಕ್ಕೆ ಫೈಲೇರಿಯಾ ಹುಳ ಕೊಲ್ಲುವ ಡಿಇಸಿ ಗುಳಿಗೆ ಬೇಕು, ಅಲರ್ಜಿ ಮಾತ್ರೆ ಸಾಲದು. ಅದಕ್ಕಿಂತ ಅಪಾಯದ್ದು ಸ್ಟ್ರಾಂಗಿಲಾಯ್ಡಿಸ್ ಎಂಬ ಸಣ್ಣ ಹುಳ. ಅದು ದೇಹದೊಳಗೇ ಮರಿ ಮಾಡಿ ಮತ್ತೆ ಒಳಹೊಕ್ಕು ದಶಕಗಟ್ಟಲೆ ಇರಬಲ್ಲದು. ಈ ಮೂರನೇ ಕಸುಬೇ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಪರೀಕ್ಷೆ ಮಾಡದೆ ದಮ್ಮಿಗೆಂದು ದೀರ್ಘಕಾಲ ಸ್ಟಿರಾಯ್ಡ್ ಕೊಟ್ಟರೆ ಕಾವಲು ಕಳಚಿ, ಹುಳ ಮೈಯೆಲ್ಲ ಹರಡಿ, ರೋಗಿ ಸಾಯಬಹುದು. ಒಂದು ಆಲ್ಬೆಂಡಜೋಲ್ ಅದಕ್ಕೆ ನಾಟುವುದಿಲ್ಲ, ಐವರ್ಮೆಕ್ಟಿನ್ ಎಂಬ ಬೇರೆ ಮದ್ದು ಬೇಕಾಗುತ್ತದೆ.

ಇನ್ನು ನಿಮ್ಮ ಮೊಮ್ಮಗ. ವರದಿಯಲ್ಲಿ ಶೇಕಡಾವಾರು ನೋಡಬೇಡಿ, ಒಟ್ಟು ಬಿಳಿ ರಕ್ತಕಣದ ಸಂಖ್ಯೆ ನೋಡಿ. ಅದು 9000 ಇದ್ದರೆ 14% ಅಂದರೆ 1260 ಇಯೋಸಿನೋಫಿಲ್; ಸಹಜವಾಗಿ ಇರಬೇಕಾದದ್ದು 500ರವರೆಗೆ. ಎರಡು ತಿಂಗಳ ಕೆಮ್ಮು ಎಂದಿರಿ. ಜಂತುಹುಳದ ಮರಿ ಕರುಳು ಕೊರೆದು, ಯಕೃತ್ತು ದಾಟಿ, ಶ್ವಾಸಕೋಶಕ್ಕೆ ಬಂದಾಗಲೂ ಕೆಮ್ಮು ಬರುತ್ತದೆ, ಇಯೋಸಿನೋಫಿಲ್ ಏರುತ್ತದೆ. ಆ ಹೊತ್ತಿಗೆ ಮಲದಲ್ಲಿ ಮೊಟ್ಟೆ ಇರುವುದಿಲ್ಲ, ಅದು ಕಾಣಲು ಸೋಂಕಾದ ಮೇಲೆ ಎರಡು ತಿಂಗಳಿಗೂ ಹೆಚ್ಚು ಬೇಕು. ಹಾಗಾಗಿ ಒಂದು ಸಲ 'ಮೊಟ್ಟೆ ಇಲ್ಲ' ಎಂದು ಬಂದರೆ ಸುಮ್ಮನಾಗಬೇಡಿ. ದಿನ ಬಿಟ್ಟು ದಿನ ಮೂರು ಸಲ, ಮಲವನ್ನು ಆಗಿನದಾಗಲೇ ಲ್ಯಾಬಿಗೆ ಕೊಡಿ. ತಡವಾದರೆ ಕೊಕ್ಕೆಹುಳುವಿನ ಮೊಟ್ಟೆ ಒಡೆದು ಗುರುತು ಸಿಗುವುದಿಲ್ಲ. ರೊಪ್ಪದ ನಾಯಿಗಳ ಬಗ್ಗೆಯೂ ವೈದ್ಯರಿಗೆ ತಪ್ಪದೆ ಹೇಳಿ. ನಾಯಿಮರಿಯ ಜಂತುಹುಳದ ಮೊಟ್ಟೆ ಮಕ್ಕಳ ಹೊಟ್ಟೆ ಸೇರಿದರೆ ಮರಿಗಳು ಮೈಯಲ್ಲೇ ಅಲೆಯುತ್ತವೆ, ಮಲದಲ್ಲಿ ಎಂದಿಗೂ ಕಾಣುವುದಿಲ್ಲ, ಇಯೋಸಿನೋಫಿಲ್ ಮಾತ್ರ ಏರುತ್ತದೆ. ಕುರಿ ಕೊಯ್ದಾಗ ನೀರುಗುಳ್ಳೆ ಇರುವ ಯಕೃತ್ತು, ಶ್ವಾಸಕೋಶವನ್ನು ನಾಯಿಗೆ ಎಸೆಯಬೇಡಿ, ಆಳವಾಗಿ ಹೂಳಿ. ಆ ಗುಳ್ಳೆಯಿಂದ ನಾಯಿಗೆ ಲಾಡಿಹುಳು, ನಾಯಿಯಿಂದ ಮಗುವಿಗೆ ಗುಳ್ಳೆ.

ಶಾಲೆಯ ಗುಳಿಗೆ ಕೊಡಿಸಿ. 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಸಾಮಾನ್ಯವಾಗಿ ಫೆಬ್ರುವರಿ 10 ಮತ್ತು ಆಗಸ್ಟ್ 10ಕ್ಕೆ. ಎರಡು ವರ್ಷ ತುಂಬಿದವರಿಗೆ 400 ಮಿಲಿಗ್ರಾಂನ ಇಡೀ ಗುಳಿಗೆ, ಒಂದರಿಂದ ಎರಡು ವರ್ಷದವರಿಗೆ ಅರ್ಧ, ಅದೂ ಎರಡು ಚಮಚದ ನಡುವೆ ಪುಡಿ ಮಾಡಿ ನೀರಲ್ಲಿ ಕಲಸಿ. ಜಂತುಹುಳಕ್ಕೆ ಈ ಒಂದೇ ಗುಳಿಗೆ ಬಹುಪಾಲು ಸಾಕಾಗುತ್ತದೆ, ಕೊಕ್ಕೆಹುಳುವಿಗೂ ಮುಕ್ಕಾಲುಪಾಲು. ಚಾಟಿಹುಳುವಿಗೆ ನೂರರಲ್ಲಿ ಮೂವತ್ತು ಜನರಲ್ಲಷ್ಟೇ ಪೂರ್ತಿ ಕೆಲಸ ಮಾಡುತ್ತದೆ. ಹುಳ ಹೆಚ್ಚಿದ್ದವರಿಗೆ ಅವತ್ತು ಹೊಟ್ಟೆನೋವು, ವಾಕರಿಕೆ ಬರಬಹುದು. ಒಂದು ದಿನದಲ್ಲಿ ಹೋಗುತ್ತದೆ. ಆ ದಿನ ಜ್ವರ ಇದ್ದರೆ ಬೇಡ, ವಾರದ ಮೇಲೆ ಬಿಟ್ಟುಹೋದವರಿಗೆ ಕೊಡುವ ದಿನ ಕೊಡಿಸಿ.

ಕುರಿಗಳಿಗೆ ಮಾತ್ರ ನಿಮ್ಮ ಮಾತೇ ಸರಿ, ಎಲ್ಲಕ್ಕೂ ಒಟ್ಟಿಗೆ ಹುಳದ ಮದ್ದು ಕುಡಿಸಬೇಡಿ. ಮಂದೆಯ ಹೆಚ್ಚಿನ ಹುಳ ಕೆಲವೇ ಕುರಿಗಳಲ್ಲಿ ಇರುತ್ತದೆ. ಕಣ್ಣಿನ ಒಳರೆಪ್ಪೆ ಮಡಚಿ ನೋಡಿ, ಕೆಂಪಗಿದ್ದರೆ ಬಿಡಿ, ಬಿಳಿಚಿದ್ದರೆ ತೂಕಕ್ಕೆ ತಕ್ಕಂತೆ ಪೂರ್ತಿ ಡೋಸ್ ಕುಡಿಸಿ. ಕಡಿಮೆ ಕುಡಿಸಿದರೆ ಮದ್ದಿಗೆ ಜಗ್ಗದ ಹುಳ ಮಾತ್ರ ಉಳಿದು ಬೆಳೆಯುತ್ತದೆ. ಈಯುವ ಕುರಿ ಮತ್ತು ಮರಿಗಳ ರೆಪ್ಪೆಯನ್ನು ಮಳೆಗಾಲದಲ್ಲಿ ವಾರ ಎರಡು ವಾರಕ್ಕೊಮ್ಮೆ ನೋಡಿ. ಮೊಮ್ಮಗನ ಕಣ್ಣಿನ ಒಳರೆಪ್ಪೆಯನ್ನೂ ಅದೇ ದಿನ ನೋಡಿಬಿಡಿ. ಬಿಳಿಚಿದ್ದರೆ ವೈದ್ಯರ ಬಳಿ ಹಿಮೋಗ್ಲೋಬಿನ್ ಪರೀಕ್ಷೆಗೂ ಬರೆಸಿಕೊಳ್ಳಿ.

– ಸಂ.